ಕಿವಿಯಿಂದ ಆಟ ನೋಡುತ್ತಿದ್ದ ಮರುಳಸಿದ್ದಯ್ಯ

ಬಿಳಿಗೆರೆಯ ಮರುಳಸಿದ್ದಯ್ಯನವರು ಫುಟ್‌ಬಾಲ್ ಆಟವನ್ನು ಕಣ್ಣು ಮುಚ್ಚಿಕೊಂಡು ನೋಡುತ್ತಿದ್ದರು. ಮೈದಾನದ ಅಂಚಿನಲ್ಲಿ ಮಡಚಿದ ಕೊಡೆಯನ್ನು ಊರಿಕೊಂಡು, ತಲೆಯನ್ನು ಒಂದಿಷ್ಟು ವಾಲಿಸಿ, ಜಪಕ್ಕೆ ಕುಳಿತವರ ಗಾಂಭೀರ್ಯದಲ್ಲಿ ನಿಂತಿರುತ್ತಿದ್ದ ಅವರು, ಚೆಂಡು ಕಾಲಿಗೆ ತಾಗಿದ ಸದ್ದಿನಿಂದಲೇ ಅದು ಬೆರಳ ತುದಿಯ ಒದೆತವೋ ಪಾದದ ಮೇಲ್ಭಾಗದ್ದೋ ಹೇಳಿಬಿಡುತ್ತಿದ್ದರು. ಹೊಸಬರಿಗೆ ನಗು ಬರುತ್ತಿತ್ತು. ನಮಗೆ ಬರುತ್ತಿರಲಿಲ್ಲ, ಏಕೆಂದರೆ ಈ ಮನುಷ್ಯರ ಕಿವಿಯನ್ನು ನಂಬಿ ಸುತ್ತಲಿನ ಹತ್ತೂರು ನಲವತ್ತು ವರ್ಷ ಕೊಬ್ಬರಿ ಮಾಡಿತ್ತು.

ನಮ್ಮ ಸೀಮೆಯಲ್ಲಿ ಕೊಬ್ಬರಿಗೆಂದು ಇಟ್ಟ ಕಾಯಿಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಟ್ಟರೆ ಒಳಗಿನ ನೀರೆಲ್ಲ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ತಾನೇ ಬಿಡಿಸಿಕೊಳ್ಳುತ್ತದೆ. ಬಿಡಿಸಿಕೊಂಡಿತೋ ಇಲ್ಲವೋ ಎಂಬುದನ್ನು ಒಡೆಯದೆಯೇ, ಅಲುಗಿಸಿದಾಗ ಕೊಬ್ಬರಿ ಚಿಪ್ಪಿಗೆ ಬಡಿಯುವ ಸಣ್ಣ ಸದ್ದಿನಿಂದಲೇ ತಿಳಿಯಬೇಕು. ಮರುಳಸಿದ್ದಯ್ಯನವರು ಏಣಿ ಹತ್ತಿ, ರಾಶಿಯಿಂದ ಒಂದು ಕಾಯಿ ಎತ್ತಿ, ಕಿವಿಯ ಪಕ್ಕ ಎರಡು ಸಲ ಅಲುಗಿಸಿ, "ಮಾತಾಡ್ತಾ ಐತೆ, ಒಡೀರಿ" ಎಂದರೆ ಒಡೆಯುವುದು; "ಇನ್ನೂ ಬಾಯಿ ಬಿಟ್ಟಿಲ್ಲ, ಒಂದ್ ತಿಂಗ್ಳು ಬುಡಿ" ಎಂದರೆ ಬಿಡುವುದು. ಆ ತೀರ್ಪಿನ ಮೇಲೆ ಅಪೀಲು ಎಂಬುದಿರಲಿಲ್ಲ.

ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವರೆಂದು ಊರಿನ ಹೆಣ್ಣುಮಕ್ಕಳು ತಮ್ಮ ತಂಡಕ್ಕೆ ಕೋಚ್ ಆಗಿರೆಂದು ಕೇಳಿದಾಗ, ಅರವತ್ತಮೂರರ ಈ ಹಿರಿಯರು ಹಿಂದುಮುಂದು ನೋಡದೆ ಒಪ್ಪಿಕೊಂಡರು. ಸುತ್ತಲಿನ ಊರುಗಳ ಲೀಗಿನಲ್ಲಿ ಬಿಳಿಗೆರೆ ಎಂಟು ಪಂದ್ಯ ಆಡಿ, ಯಾರೂ ಎಣಿಸದ ರೀತಿಯಲ್ಲಿ ಪ್ಲೇಆಫ್ ತಲುಪಿತು. ಭಾನುವಾರ ಕಂದಿಕೆರೆಯ ಮೇಲೆ ಆಟ, ಸೋತರೆ ಮನೆಗೆ. ಶುಕ್ರವಾರ ಸಂಜೆ ತಂಡವನ್ನೆಲ್ಲ ತಮ್ಮ ಮನೆಯ ಜಗಲಿಯ ಮೇಲೆ ಕೂರಿಸಿಕೊಂಡು ಬಲವೇನು, ದೋಷವೇನು ಎಂದು ಒಬ್ಬೊಬ್ಬರಿಗೂ ಮುಖಕ್ಕೆ ಮುಖ ಕೊಟ್ಟು ಹೇಳುವುದು ಅವರ ಪದ್ಧತಿ; ಕೇಳಲು ಊರವರಾದ ನಾವೂ ಅಂಗಳದಲ್ಲಿ ಸೇರುತ್ತಿದ್ದೆವು.

"ನಮ್ಮ ಬಲ ಹಿಂಬದಿ. ಅನಿತಾ ನಿಂತಿರೋ ತನಕ ನಡುವಿಂದ ಯಾರೂ ತೂರಲ್ಲ," ಎಂದರು. ನಾಯಕಿ ಅನಿತಾ ತಲೆ ತಗ್ಗಿಸಿ ನಕ್ಕಳು. "ಎಡಗಡೆ ವರ್ಷಿಣಿ. ಮುಂದಕ್ಕೋಗೋದು ಗೊತ್ತು, ವಾಪಸ್ ಬರೋದು ಗೊತ್ತಿಲ್ಲ. ಕಂದಿಕೆರೆಯೋರು ಅಲ್ಲೇ ನುಗ್ತಾರೆ." ನಿಜವಾದ ಮಾತು. ಆಮೇಲೆ ಅವರು ಗೋಲ್‌ಕೀಪರ್ ಭವ್ಯಶ್ರೀಯ ಕಡೆ ತಿರುಗಿದರು.

"ದೊಡ್ಡ ದೋಷ ಗೋಲು. ಕೈ ಚೆನ್ನಾಗೈತೆ ಕಣಮ್ಮ, ಬಾಯಿಲ್ಲ. ಗೋಲಲ್ಲಿ ನಿಂತೋಳು ಹಿಂದಿಂದ ಕೂಗಿ ಕೂಗಿ ಆಡಿಸ್ಬೇಕು. ಎಂಟು ಮ್ಯಾಚಲ್ಲಿ ನಿನ್ ದನಿ ಒಂದ್ಸಲಾನೂ ಕೇಳ್ಲಿಲ್ಲ ನಾನು. ಭಾನುವಾರ ನೀನು ಬೆಂಚು."

ಜಗಲಿಗೆ ಜಗಲಿಯೇ ದಂಗಾಗಿಹೋಯಿತು. ಭವ್ಯಶ್ರೀ ತಿಪಟೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಪ್ರತಿ ಭಾನುವಾರ ಮೈದಾನದಲ್ಲಿ ಕೂಗಿ ಕೂಗಿ, ಸೋಮವಾರ ಗಿರಾಕಿಗಳಿಗೆ ಅಳತೆ ಹೇಳಲೂ ಗಂಟಲಿಲ್ಲದೆ ಸನ್ನೆ ಮಾಡುತ್ತಿದ್ದವಳು. ಈ ಒಂದು ಪಂದ್ಯಕ್ಕೆಂದು ಮದುವೆ ಸೀಸನ್ನಿನ ಹೊಲಿಗೆಯನ್ನೇ ಬೇರೆಯವರಿಗೆ ಬಿಟ್ಟುಕೊಟ್ಟಿದ್ದಳು. ಅವಳು ಚೀಲದಿಂದ ಗ್ಲೌಸು ತೆಗೆದು ಜಗಲಿಯ ಮೇಲಿಟ್ಟು ಎದ್ದು ನಿಂತಳು.

ಅನಿತಾ ಅವಳ ಕೈ ಹಿಡಿದು ನಿಲ್ಲಿಸಿ, ತನ್ನ ಫೋನಿನಲ್ಲಿ ಹಿಂದಿನ ಪಂದ್ಯದ ವಿಡಿಯೋ ಹಾಕಿ, ದನಿಯನ್ನು ಪೂರ್ತಿ ಏರಿಸಿ ಮರುಳಸಿದ್ದಯ್ಯನವರ ಕಿವಿಗೆ ಹಿಡಿದಳು. ಅವರು ಅಭ್ಯಾಸದಂತೆ ಕಣ್ಣು ಮುಚ್ಚಿದರು.

"ಕೇಳ್ತು. ಒದೆತ ಚೆನ್ನಾಗಿ ಬಿದ್ದೈತೆ."

ಅನಿತಾ ಅವರ ಭುಜ ಮುಟ್ಟಿ ಫೋನನ್ನು ಮುಖದೆದುರು ತಂದಳು. "ಕಣ್ ಬಿಟ್ಟು ನೋಡಿ ಸಾರ್."

ನೋಡಿದರು. ಪರದೆಯ ಮೇಲೆ ಭವ್ಯಶ್ರೀ ಕತ್ತಿನ ನರ ಉಬ್ಬಿ, ಬಾಯಿ ಇಷ್ಟಗಲ ತೆರೆದು ನಿಂತಿದ್ದಳು. ಚೆಂಡು ಧಬ್ ಎಂದದ್ದು ಕೇಳಿತು. ಆ ಬಾಯಿಂದ ಮಾತ್ರ ಏನೂ ಬರಲಿಲ್ಲ. "ದನಿ ತೆಗ್ದುಬಿಟ್ಟಿದೀಯೇನಮ್ಮ?" ಎಂದು ಕೇಳುತ್ತಿರುವಾಗಲೇ ಅವರ ಮಡದಿ ಗಿರಿಜಾಂಬಿಕಾ ರಾಗಿಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಓಡಿ ಬಂದು ಗಂಡನೆದುರು ನಿಂತರು.

"ಏನ್ರೀ ಅದು, ಯಾರ್ ಹಂಗೆ ಕಿರುಚ್ಕೊಂಡಿದ್ದು? ಎದೆ ಒಡ್ದೋಯ್ತು ನಂಗೆ."

ಮರುಳಸಿದ್ದಯ್ಯನವರು ಮಡದಿಯ ಮುಖ ನೋಡಿದರು, ಫೋನು ನೋಡಿದರು, ಮತ್ತೆ ಮಡದಿಯ ಮುಖ ನೋಡಿದರು. ಎದುರು ಕೂತವರ ಮಾತನ್ನು ತಾವು ಅರ್ಧಕ್ಕರ್ಧ ತುಟಿ ನೋಡಿಯೇ ಹಿಡಿಯುತ್ತಿದ್ದೇವೆಂದು ಅವರಿಗೇ ಗೊತ್ತಿರಲಿಲ್ಲ. ಒದೆತದ ದಪ್ಪ ಸದ್ದು ಉಳಿದು, ಸಣ್ಣ ದನಿಗಳೆಲ್ಲ ಯಾವಾಗ ಜಾರಿಹೋದವೋ ತಿಳಿದಿರಲಿಲ್ಲ. ರೆಫರಿ ಸೀಟಿ ಊದಿ ಹುಡುಗಿಯರು ನಿಂತಾಗ "ಯಾಕ್ರೇ ನಿಂತ್ರಿ?" ಎಂದು ಅವರು ಗದರುತ್ತಿದ್ದುದನ್ನು ನಾವು ರೆಫರಿಯ ಮೇಲಿನ ಜಗಳವೆಂದುಕೊಂಡು ಮೆಚ್ಚಿದ್ದೆವು. ಕೆಂಕೆರೆಯ ಸಣ್ಣತಿಮ್ಮಯ್ಯನ ಅಟ್ಟದಲ್ಲಿ, "ಈ ವರ್ಷ ಕಾಯೇ ಸರಿಯಿಲ್ಲ, ಇನ್ನೂ ಬುಡಿ" ಎಂದು ಎರಡೆರಡು ಸಲ ಹೇಳಿ, ಕೊನೆಗೆ ಅರ್ಧ ರಾಶಿ ಕೌಟು ಹಿಡಿದು ಕೆಟ್ಟುಹೋದಾಗ ಮೋಡವನ್ನು ಬೈದಿದ್ದರು. ಸಣ್ಣತಿಮ್ಮಯ್ಯನೂ ಮೋಡವನ್ನೇ ಬೈದಿದ್ದ.

"ಎಷ್ಟ್ ದಿನದಿಂದ?" ಎಂದು ಮಡದಿಯನ್ನು ಕೇಳಿದರು.

"ಎರಡು ವರ್ಷ ಆಯ್ತು, ಹಿಂದಿಂದ ಕರೆದ್ರೆ ಓ ಅನ್ನಲ್ಲ. ಏನೋ ಯೋಚ್ನೇಲಿರ್ತೀರ ಅಂದ್ಕೊಂಡೆ ಕಣ್ರೀ."

ಅವರು ಯಾರ ಮೇಲಾದರೂ ಹರಿಹಾಯ್ದು ಒಳಗೆ ಹೋಗಿಬಿಟ್ಟಿದ್ದರೆ ತಡೆಯುವವರಿರಲಿಲ್ಲ. ಹೋಗಲಿಲ್ಲ. ಗ್ಲೌಸು ಎತ್ತಿಕೊಂಡು ಭವ್ಯಶ್ರೀಯ ಬಳಿಗೆ ನಡೆದು, "ನೀನೇ ಆಡ್ಬೇಕು ಕಣವ್ವ. ನಾನು ತಪ್ಪೇಳ್ದೆ. ಎಂಟು ಮ್ಯಾಚೂ ತಪ್ಪೇಳ್ದೆ," ಎಂದರು. ಅವಳು ಮುಖ ಆಚೆ ತಿರುಗಿಸಿಕೊಂಡೇ ಏನೋ ಅಂದಳು. ನಮಗೆಲ್ಲ ಕೇಳಿಸಿತು.

"ಏನಂದೆ?" ಎಂದು ಮರುಳಸಿದ್ದಯ್ಯನವರು ಕೇಳಿದರು. ಅವರು ಆ ಪ್ರಶ್ನೆ ಕೇಳಿದ್ದನ್ನು ನಾವು ಅದೇ ಮೊದಲು ಕಂಡದ್ದು.

ಅವಳು ತಿರುಗಿ, ಅವರಿಗೆ ತುಟಿ ಕಾಣುವಂತೆ ನಿಧಾನವಾಗಿ ಹೇಳಿದಳು: "ಸಾಯೋ ಹಂಗೆ ಕೂಗಿದೀನಿ ಸಾರ್."

ಒಂದು ವಿದ್ಯೆಯನ್ನು ಬದುಕಿಡೀ ಪಳಗಿಸಿಕೊಂಡವರ ಸಂಕಟ ಇದು. ಅದು ಕೈಬಿಟ್ಟು ಹೋಗುವಾಗ ಅವರಿಗೆ ತಿಳಿಸಿ ಹೋಗುವುದಿಲ್ಲ. ತಾವು ಸವೆದದ್ದನ್ನು ಅರಿಯದೆ, ಕಾಯಿ ಸರಿಯಿಲ್ಲ, ಕಾಲ ಸರಿಯಿಲ್ಲ, ಈಗಿನ ಮಕ್ಕಳು ಸರಿಯಿಲ್ಲ ಎನ್ನುತ್ತ ಪ್ರಾಮಾಣಿಕವಾಗಿಯೇ ತೀರ್ಪು ಕೊಡುತ್ತಿರುತ್ತಾರೆ. ಸುತ್ತಲಿನ ನಾವು ಗೌರವದಿಂದ ತಲೆಯಾಡಿಸುತ್ತಿರುತ್ತೇವೆ. ಆ ಗೌರವಕ್ಕೆ ತೆರಬೇಕಾದ ಬೆಲೆಯನ್ನು ನಾವು ಯಾರೂ ತೆರುವುದಿಲ್ಲ. ಯಾವಳೋ ಒಬ್ಬಳು ಗಂಟಲು ಹರಿದುಕೊಂಡು ತೆರುತ್ತಾಳೆ.