ಎಂಟಣ್ಣನ ಸ್ವಂತ ಎಂಟು

ಹೆಲ್ಮೆಟ್ಟಿನ ಒಳಗಿನ ಸ್ಪಂಜು ಎಂದೋ ಕಿತ್ತುಹೋಗಿತ್ತು. ಬಿಸಿಲು ಏರಿದಂತೆ ಪ್ಲಾಸ್ಟಿಕ್ಕು ಕಾದು ಹಣೆಗೆ ಅಂಟುತ್ತಿತ್ತು. ಪಟ್ಟಿ ಉಜ್ಜಿ ಉಜ್ಜಿ ಗದ್ದದ ಕೆಳಗೆ ಹುಣ್ಣಾಗಿತ್ತು. ಅದು ಒಣಗುವ ಮೊದಲೇ ಮತ್ತೆ ಕಿತ್ತು ಬರುತ್ತಿತ್ತು. ಆದರೂ ಅವನು ಹೆಲ್ಮೆಟ್ಟು ತೆಗೆಯುವಂತಿರಲಿಲ್ಲ. ಅವನ ಕೆಲಸವೇ ಮುಖ ಮುಚ್ಚಿಕೊಂಡಿರುವುದು.

ಬೇರೆಯವರ ಹೆಸರಿನಲ್ಲಿ ಬೈಕು ಓಡಿಸುವುದು ಅವನ ಕಸುಬು. ಲೈಸೆನ್ಸ್ ಕಚೇರಿಯ ಹಿಂದಿನ ಮೈದಾನದಲ್ಲಿ ಸುಣ್ಣದಿಂದ ಎಂಟರ ಆಕಾರ ಬರೆದಿದ್ದರು. ಹೊಸದಾಗಿ ಲೈಸೆನ್ಸ್ ಬೇಕೆನ್ನುವವರು ಆ ಗೆರೆಗಳ ನಡುವೆ, ನೆಲಕ್ಕೆ ಕಾಲು ಊರದೆ ಗಾಡಿ ಓಡಿಸಿ ತೋರಿಸಬೇಕು. ಕಾಲು ಊರಿದರೆ ಫೇಲು. ಈ ಕಾನೂನು ಬಡವರಿಗೆ. ಕೈಯಲ್ಲಿ ನಾಲ್ಕು ಕಾಸಿದ್ದವರು ಬ್ರೋಕರ್ ಮಾಮನನ್ನು ಹಿಡಿಯುತ್ತಿದ್ದರು. ಅವರು ತಗಡಿನ ಶೆಡ್ಡಿನಲ್ಲಿ ಫ್ಯಾನಿನ ಕೆಳಗೆ ಕೂತು ಫೋನು ನೋಡುವಾಗ, ಅವರ ಬದಲಿಗೆ ಇವನು ಕಪ್ಪು ಗಾಜಿನ ಹೆಲ್ಮೆಟ್ಟು ಹಾಕಿಕೊಂಡು ಎಂಟು ಹಾಕುತ್ತಿದ್ದ. ಒಮ್ಮೆ ಒಬ್ಬ ಹೆಂಗಸಿನ ಹೆಸರಲ್ಲೂ ಹಾಕಿದ್ದ. ಇವನ ಗಡಸು ದನಿ ಕೇಳಿಯೂ ಇನ್ಸ್‌ಪೆಕ್ಟರ್ ಸಾಹೇಬರು ತಲೆ ಎತ್ತದೆ ಪಾಸು ಮಾಡಿದ್ದರು.

ಹಾಗಾಗಿ ಅವನಿಗೆ ಎಂಟಣ್ಣ ಎಂದೇ ಹೆಸರು ಬಿದ್ದಿತ್ತು. ಊರಿನ ಅರ್ಧ ಬೈಕುಗಳು ಎಂಟಣ್ಣನ ಕೃಪೆಯಿಂದ ಓಡುತ್ತಿದ್ದವು. ಎಂಟಣ್ಣನಿಗೆ ಮಾತ್ರ ಲೈಸೆನ್ಸ್ ಇರಲಿಲ್ಲ. ನಗಬೇಕೋ ಅಳಬೇಕೋ ನೀವೇ ಹೇಳಿ.

ಕೇಳಿದಾಗಲೆಲ್ಲ ಮಾಮ ಬೆನ್ನು ತಟ್ಟಿ, "ನಿನಗ್ಯಾಕಪ್ಪ ಅವಸರ? ನೀನು ಮನೆ ಹುಡುಗ. ಯಾವಾಗ ಬೇಕಾದ್ರೂ ಮಾಡಿಸಿಕೊಡ್ತೀನಿ" ಎನ್ನುತ್ತಿದ್ದ. ಹಾಗೆ ಕಾಯುತ್ತಲೇ ಎಂಟಣ್ಣನಿಗೆ ಮದುವೆಯಾಯಿತು, ಮಗಳು ಹುಟ್ಟಿದಳು, ಅವಳು ಶಾಲೆಗೂ ಸೇರಿದಳು. ಆ 'ಯಾವಾಗ' ಮಾತ್ರ ಬರಲಿಲ್ಲ.

ಕೊನೆಗೆ ಹೆಂಡತಿಯೇ ಸುದ್ದಿ ತಂದಳು. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆ ಒಗೆಯುತ್ತಿದ್ದಳು.

"ಔಷಧಿ ಗೋಡೌನಿಗೆ ಬೈಕು ಓಡಿಸೋರು ಬೇಕಂತೆ ರೀ. ಗಾಡಿ ಅವರದ್ದೇ. ಮನೆಯವರಿಗೆಲ್ಲ ಔಷಧಿ ಬಿಟ್ಟಿ ಅಂತೆ. ನಮ್ಮ ಸೂಪರ್ವೈಸರ್ ತಮ್ಮ ಅಲ್ಲೇ ಇರೋದು. ಲೈಸೆನ್ಸ್ ತಗೊಂಡು ಶನಿವಾರ ಸಂಜೆ ಒಳಗೆ ಬನ್ನಿ ಅಂದಿದ್ದಾನೆ."

"ಶನಿವಾರ ಅಂದ್ರೆ ನಾಡಿದ್ದಲ್ವೇನೇ?"

"ಊರಿಗೆಲ್ಲ ಕೊಡಿಸ್ತೀರ, ನಿಮಗೊಂದು ತಗೊಳೋಕೆ ಆಗಲ್ವಾ?"

ಅವನು ಮಗಳ ಕಡೆ ನೋಡಿದ. ಅವಳ ಎಡಗಿವಿ ಸೋರಲು ಶುರುವಾಗಿ ಬಹಳ ದಿನವಾಗಿತ್ತು. ಹತ್ತಿಯಿಟ್ಟು ಹತ್ತಿಯಿಟ್ಟು ಸಾಕಾಗಿತ್ತು. ಕರೆದರೆ ಎಡಗಡೆಗೆ ತಿರುಗಿ ಕೇಳಿಸಿಕೊಳ್ಳುವುದನ್ನು ಮಗು ತಾನೇ ಕಲಿತುಬಿಟ್ಟಿತ್ತು.

ಶನಿವಾರ ಬೆಳಿಗ್ಗೆ ಹೆಂಡತಿ ಇಸ್ತ್ರಿ ಮಾಡಿಟ್ಟ ಅಂಗಿ ಹಾಕಿಕೊಂಡು ಅವನು ಮೈದಾನಕ್ಕೆ ಬಂದ. ಮಾಮನ ಶೆಡ್ಡಿಗೆ ಹೋಗದೆ ನೇರವಾಗಿ ಸಾಲಿನಲ್ಲಿ ನಿಂತ. ನೆರಳಿಲ್ಲದ ಸಾಲು ಅದು. ಮುಂದೆ ಹಾಲಕ್ಕ ನಿಂತಿದ್ದಳು. ಮನೆಮನೆಗೆ ಹಾಲು ಹಾಕುತ್ತಿದ್ದ ಗಂಡ ಸೊಂಟ ಮುರಿದುಕೊಂಡು ಮಲಗಿದ ಮೇಲೆ, ಅವನ ಬೈಕನ್ನೂ ಕ್ಯಾನುಗಳನ್ನೂ ಇವಳೇ ವಹಿಸಿಕೊಂಡಿದ್ದಳು. ಪೊಲೀಸರ ಕಣ್ಣು ತಪ್ಪಿಸಿ ಗಲ್ಲಿಗಲ್ಲಿ ಸುತ್ತಿ ಸಾಕಾಗಿ ಟೆಸ್ಟಿಗೆ ಬರುತ್ತಿದ್ದಳು, ಬಂದಷ್ಟು ಸಲವೂ ಫೇಲಾಗುತ್ತಿದ್ದಳು.

"ಏನ್ ಎಂಟಣ್ಣ, ಇವತ್ತು ಮುಖ ಬಿಟ್ಕೊಂಡು ಬಂದಿದ್ದೀಯ? ಗುರುತೇ ಸಿಗಲಿಲ್ಲ" ಎಂದು ಹಾಲಕ್ಕ ನಕ್ಕಳು.

"ಇವತ್ತು ನನ್ನದೇ ಟೆಸ್ಟು ಅಕ್ಕ."

"ಅಯ್ಯೋ, ನಿನಗೂ ಲೈಸೆನ್ಸ್ ಇಲ್ವಾ! ಚೆನ್ನಾಗಿದೆ ಬಿಡು."

ಹಾಲಕ್ಕನ ಸರದಿ ಬಂತು. ಮೊದಲ ಸುತ್ತು ಸರಿಯಾಗಿಯೇ ಹೋದಳು. ಎರಡನೆಯ ತಿರುವಿನಲ್ಲಿ ಗಾಡಿ ವಾಲಿತು, ಎಡಗಾಲಿನ ಹೆಬ್ಬೆರಳು ನೆಲ ಮುಟ್ಟಿತು. ಅಷ್ಟೇ. ಕೊಡೆಯ ಕೆಳಗೆ ಕೂತಿದ್ದ ಸಾಹೇಬರಿಗೆ ಆ ಹೆಬ್ಬೆರಳು ಎಷ್ಟು ಚೆನ್ನಾಗಿ ಕಂಡಿತೆಂದರೆ, "ಫೇಲು! ನಡಿಯಮ್ಮ ಆಚೆ" ಎಂದು ಕುರ್ಚಿಯಿಂದ ಅರ್ಧ ಎದ್ದೇ ಕೂಗಿದರು.

ಮುಂದೆ ಎಂಟಣ್ಣ.

"ಹೆಸರು?"

ಅವನು ಬಾಯಿ ತೆರೆದ. ಪ್ರತಿ ಸಲವೂ ಮಾಮ ಹೇಳಿಕೊಟ್ಟ ಹೆಸರನ್ನು ಒಪ್ಪಿಸಿ ಒಪ್ಪಿಸಿ ರೂಢಿಯಾದ ನಾಲಿಗೆ, ಈ ಹೊತ್ತು ಯಾರ ಹೆಸರು ಹೇಳಬೇಕೆಂದು ತಡವರಿಸಿತು. ಕಡೆಗೆ ತನ್ನದನ್ನೇ ಹೇಳಿದ. ಹೇಳುವಾಗ ಕಳ್ಳತನ ಮಾಡಿದವನಂತೆ ಅತ್ತಿತ್ತ ನೋಡಿದ.

"ಏನಯ್ಯಾ, ನಿನ್ನ ಹೆಸರಿಗೂ ಯೋಚನೆ ಮಾಡ್ತೀಯಾ?" ಎಂದು ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿದರು. ದನಿಯ ಗುರುತು ಹತ್ತಿತು. ಶೆಡ್ಡಿನ ಕಡೆ ಕಣ್ಣು ಹಾಯಿಸಿದರು. ಅಲ್ಲಿ ಬಾಗಿಲಲ್ಲಿ ನಿಂತಿದ್ದ ಮಾಮ ಬೇಡ ಎಂಬಂತೆ ತಲೆ ಅಲ್ಲಾಡಿಸಿದ.

ಎಂಟಣ್ಣ ಗಾಡಿ ಹತ್ತಿದ. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಗಾಳಿ ಮುಖಕ್ಕೆ ತಾಗಿತು. ಸುಣ್ಣದ ಗೆರೆ ಬಿಟ್ಟು ಕೂದಲೆಳೆಯಷ್ಟೂ ಆಚೀಚೆ ಹೋಗದೆ ಎಂಟು ಹಾಕಿ, ಹೊರಟಲ್ಲಿಗೇ ತಂದು ನಿಲ್ಲಿಸಿದ. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ತನ್ನ ಹೆಸರಿಗೇ ಹಾಕಿದ ಎಂಟು ಅದು. ಅವನಿಗೆ ಖುಷಿಯಾಯಿತು.

"ಕಾಲು ಊರಿದೆ. ಫೇಲು" ಎಂದರು ಸಾಹೇಬರು.

"ಎಲ್ಲಿ ಸಾಹೇಬ್ರೇ? ಎಲ್ಲಿ ಊರಿದೆ?"

"ನನಗೇ ಎದುರು ಮಾತಾಡ್ತೀಯಾ? ಮುಂದಿನ ತಿಂಗಳು ಬಾ. ನೆಕ್ಸ್ಟ್!"

ಅವನು ಏನೂ ತೋಚದೆ ಶೆಡ್ಡಿಗೆ ಓಡಿದ. ಮಾಮ ಆರಾಮವಾಗಿ ಟೀ ಕುಡಿಯುತ್ತಿದ್ದ.

"ಮಾಮ, ನೀನೇ ನೋಡಿದ್ಯಲ್ಲ, ನಾನು ಕಾಲು ಊರಿದ್ನಾ?"

"ಇಲ್ಲ ಕಣೋ" ಎಂದ ಮಾಮ, ಸುಳ್ಳು ಹೇಳುವ ಶ್ರಮವನ್ನೂ ತೆಗೆದುಕೊಳ್ಳದೆ. "ಗೋಡೌನಿನ ಸುದ್ದಿ ನನ್ನ ಕಿವಿಗೂ ಬಿತ್ತು. ನೀನು ಅಲ್ಲಿ ಸೇರಿಕೊಂಡ್ರೆ ಇಲ್ಲಿ ಎಂಟು ಯಾರು ಹಾಕ್ತಾರೆ? ನಿಮ್ಮಪ್ಪ ಬರ್ತಾನಾ? ಸಾಹೇಬ್ರ ಹೊಟ್ಟೆ, ನನ್ನ ಹೊಟ್ಟೆ ಎಲ್ಲ ನಿನ್ನ ಮೇಲೇ ಇರೋದು. ಇದನ್ನ ಬೇರೆಯವನಾಗಿದ್ರೆ ಹೆಮ್ಮೆ ಅಂದ್ಕೋತಿದ್ದ."

"ನನ್ನ ಮಗಳಿಗೆ ಕಿವಿ ಕೇಳ್ತಿಲ್ಲ ಮಾಮ."

"ಆಮೇಲೆ ಮಾತಾಡೋಣ. ಬಟ್ಟೆ ಅಂಗಡಿ ಸಾಹುಕಾರ್ರ ಮಗ ಬಂದು ಎಷ್ಟೊತ್ತಾಯ್ತು. ತಗೋ, ಹಾಕ್ಕೋ" ಎಂದು ಮಾಮ ಹೆಲ್ಮೆಟ್ಟನ್ನು ಅವನ ಕೈಗೆ ತುರುಕಿದ.

ಸಾಹುಕಾರನ ಮಗ ಫೋನಿನಿಂದ ತಲೆ ಎತ್ತಿ, "ಬೇಗ ಮುಗಿಸಪ್ಪ, ಊಟಕ್ಕೆ ಹೋಗಬೇಕು" ಎಂದ.

ಎಂಟಣ್ಣ ಹೆಲ್ಮೆಟ್ಟು ಹಾಕಿಕೊಂಡ. ರೂಢಿಯ ಕೈಗಳು, ತಾವಾಗಿಯೇ ಪಟ್ಟಿ ಬಿಗಿದವು. ಸಾಹೇಬರ ಮುಂದೆ ಹೋಗಿ ಸಾಹುಕಾರನ ಮಗನ ಹೆಸರು ಹೇಳಿದ. ಸಾಹೇಬರು ಊಟದ ಡಬ್ಬಿ ಬಿಚ್ಚುತ್ತಾ "ಹೂಂ" ಎಂದರು.

ಗಾಡಿ ಮುಂದಕ್ಕೆ ಹೋಯಿತು. ಮೊದಲ ತಿರುವಿಗೆ ಬಂದಾಗ ಎಂಟಣ್ಣನಿಗೆ ಏನಾಯಿತೋ, ಬ್ರೇಕು ಹಿಡಿದ. ಎಡಗಾಲು ಊರಿದ. ಬಲಗಾಲನ್ನೂ ಊರಿದ. ಎರಡೂ ಕಾಲಿನಿಂದ ನೆಲವನ್ನು ದಬ್ಬುತ್ತಾ, ಬಾತುಕೋಳಿಯ ಹಾಗೆ ಅತ್ತ ಇತ್ತ ವಾಲಾಡುತ್ತಾ ಮುಂದೆ ಹೊರಟ. ಸುಣ್ಣದ ಗೆರೆಯನ್ನೆಲ್ಲ ಚಪ್ಪಲಿಯಿಂದ ಅಳಿಸಿದ. ಗೆರೆಯ ಅಂಚಿಗೆ ಇಟ್ಟಿದ್ದ ಡಬ್ಬವನ್ನು ಚಕ್ರದಿಂದ ಗುದ್ದಿ ಉರುಳಿಸಿದ. ಸಾಲಿನಲ್ಲಿದ್ದವರು ಮೊದಲು ಕಿಸಕ್ಕನೆ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು.

ಅವನು ಬಂದು ಕೊಡೆಯ ಮುಂದೆ ನಿಂತ.

ಸಾಹೇಬರು ತುತ್ತು ಬಾಯಿಗಿಡುತ್ತಾ, "ಪಾಸು" ಎಂದರು.

ಆಚೆ ಹೋಗದೆ ಅಲ್ಲೇ ನಿಂತಿದ್ದ ಹಾಲಕ್ಕನ ದನಿ ಎದ್ದಿತು.

"ಏನ್ ಸಾರ್ ಇದು? ನಾನು ಒಂದು ಬೆರಳು ಊರಿದ್ದಕ್ಕೆ ಫೇಲು, ಇವನು ಎರಡೂ ಕಾಲು ಊರಿದ್ದಕ್ಕೆ ಪಾಸಾ?"

"ಯಾರದು? ಯಾರು ಕಾಲು ಊರಿದ್ದು?" ಸಾಹೇಬರು ಈಗ ತಲೆ ಎತ್ತಿದರು.

ಎಂಟಣ್ಣ ಹೆಲ್ಮೆಟ್ಟು ತೆಗೆದ. "ನಾನೇ ಸಾಹೇಬ್ರೇ. ಈಗಷ್ಟೇ ಫೇಲಾದೋನು. ಸಾಹುಕಾರ್ರ ಮಗ ಅಲ್ಲಿ ಫ್ಯಾನ್ ಕೆಳಗೆ ಕೂತವ್ರೆ. ಬೇಕಾದ್ರೆ ಕರೆಸಿ, ಓಡಿಸಲಿ ನೋಡೋಣ."

ಸಾಲು ಒಡೆಯಿತು. ಫೇಲಾಗಿ ಫೇಲಾಗಿ ಬೆಂದುಹೋದ ಜನ. ಗಾರೆ ಕೆಲಸದವನು, ಬ್ರೆಡ್ಡು ಮಾರುವವನು, ಆಸ್ಪತ್ರೆಯ ಆಯಾ. "ನನಗೂ ಹೀಗೇ ಮಾಡಿದ್ರು", "ನಾನು ರಜಾ ಹಾಕಿ ಹಾಕಿ ಕೆಲಸಾನೇ ಹೋಯ್ತು" ಎನ್ನುತ್ತಾ ಕೊಡೆಯ ಸುತ್ತ ಬಂದು ನಿಂತರು. ಹಾಲಕ್ಕ ತನ್ನ ಬೈಕನ್ನು ತಳ್ಳಿಕೊಂಡು ಬಂದು ಸಾಹೇಬರ ಜೀಪಿಗೆ ಅಡ್ಡ ನಿಲ್ಲಿಸಿದಳು. ಅವಳ ಹಿಂದೆ ಉಳಿದವರೂ ನಿಲ್ಲಿಸಿದರು.

ಮಾಮ ಓಡಿಬಂದು ಎಂಟಣ್ಣನನ್ನು ಪಕ್ಕಕ್ಕೆ ಎಳೆದ. ಅವನ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು.

"ಲೇ, ನಿನ್ನ ಲೈಸೆನ್ಸ್ ಈಗಲೇ ಮಾಡಿಸ್ತೀನಿ. ಸಂಜೆ ಒಳಗೆ ಕೈಗೆ ಕೊಡ್ತೀನಿ, ನನ್ನ ಮಕ್ಕಳಾಣೆ. ಇವರನ್ನ ಕಳಿಸಿಬಿಡು. ನೀನು ಹೇಳಿದ್ರೆ ಕೇಳ್ತಾರೆ."

ಎಂಟಣ್ಣನ ಜೀವ ಜಗ್ಗಿತು. ಸುಳ್ಳೇಕೆ, ಬಹಳ ಜಗ್ಗಿತು. ಗೋಡೌನಿನ ಬಾಗಿಲು ಸಂಜೆಯವರೆಗೆ ತೆರೆದಿರುತ್ತದೆ. ಎಡಗಡೆಗೆ ತಿರುಗುವ ಮಗಳ ತಲೆ ಕಣ್ಣ ಮುಂದೆ ಬಂತು. 'ಸರಿ ಮಾಮ' ಎಂದರೆ ಮುಗಿದುಹೋಗುತ್ತಿತ್ತು.

"ಹಾಲಕ್ಕನಿಗೂ ಮಾಡಿಸ್ತೀಯಾ?" ಎಂದು ಕೇಳಿದ.

"ಅವಳು ನಿನಗೇನಾಗಬೇಕೋ?"

"ಏನೂ ಆಗಬೇಕಿಲ್ಲ. ಅವಳ ಮುಂದೇನೇ ಇಷ್ಟು ವರ್ಷ ಕಂಡೋರ ಎಂಟು ಹಾಕಿದೀನಲ್ಲ, ಅದಕ್ಕೆ ಕೇಳಿದೆ." ಅವನು ಮಾಮನ ಕೈ ಬಿಡಿಸಿಕೊಂಡ. "ಆಗಲ್ಲ ಮಾಮ. ಎಲ್ಲರಿಗೂ ಸರಿಯಾಗಿ ಟೆಸ್ಟು ನಡೀಲಿ. ನನಗೂ ಅದರಲ್ಲೇ ಕೊಡಲಿ."

"ಹಾಳಾಗಿ ಹೋಗ್ತೀಯ."

"ಈಗೇನು ಉದ್ಧಾರ ಆಗಿದೀನಾ?"

ಅಷ್ಟರಲ್ಲಿ ಸಾಹೇಬರು ಫೋನು ಮಾಡಿ ಕರೆಸಿದ ಪೊಲೀಸಪ್ಪ ಬಂದ. ಲಾಠಿಯಿಂದ ಜನರನ್ನು ಸರಿಸುತ್ತಾ ಒಳಗೆ ನುಗ್ಗಿದ. ಅವನನ್ನು ಕಂಡೊಡನೆ ಎಂಟಣ್ಣನಿಗೆ ಗುರುತು ಸಿಕ್ಕಿತು. ಹೋದ ವರ್ಷ ಇವನ ಎಂಟನ್ನೂ ತಾನೇ ಹಾಕಿದ್ದ. ಪೊಲೀಸಪ್ಪನಿಗೆ ಮಾತ್ರ ಎಂಟಣ್ಣನ ಮುಖ ಗೊತ್ತಿರಲಿಲ್ಲ.

"ಯಾರೋ ಗಲಾಟೆ ಮಾಡ್ತಿರೋನು? ನೀನೇನಾ? ಈ ಗಾಡಿ ಓಡಿಸಿದ್ದು ನೀನೇ ತಾನೆ?"

"ಹೂಂ ಸಾರ್, ನಾನೇ."

"ಎಲ್ಲಿ, ಲೈಸೆನ್ಸ್ ತೋರಿಸು."

ಹಿಂದಿನಿಂದ ಯಾರೋ ನಕ್ಕರು. ಎಂಟಣ್ಣ ನಗಲಿಲ್ಲ. ಕೊಡೆಯ ಕೆಳಗಿನ ಸಾಹೇಬರ ಕಡೆಗೆ ನೇರವಾಗಿ ಕೈ ತೋರಿಸಿದ.

"ಅಲ್ಲಿದೆ ಸಾರ್. ಅವರ ಹತ್ರ ಇಟ್ಕೊಂಡವ್ರೆ. ಈಸಿಕೊಡಿ."

"ನಂದೂ ಅಲ್ಲೇ ಇದೆ" ಎಂದಳು ಹಾಲಕ್ಕ.

"ನಂದೂ" ಎಂದ ಗಾರೆಯವನು. "ನಂದೂ" ಎಂದಳು ಆಯಾ. ಜೀಪಿಗೆ ಅಡ್ಡ ನಿಂತ ಬೈಕುಗಳಲ್ಲಿ ಒಂದೂ ಅಲುಗಲಿಲ್ಲ.