ಕೊನೆಯ ನಟ್ಟು

"ಅಮ್ಮ, ಇನ್ನು ಕೈ ತೆಗೀರಿ. ಇಪ್ಪತ್ತು ನಿಮಿಷ ಏನೂ ಮುಟ್ಟೋ ಹಾಗಿಲ್ಲ," ಎಂದು ಪರೀಕ್ಷಕಿ ಗೋಡೆಯ ಗಡಿಯಾರ ನೋಡಿ, ಹಾಳೆಯಲ್ಲಿ ಸಮಯ ಬರೆದುಕೊಂಡು ಮುಂದಿನ ಮೇಜಿಗೆ ಹೋದರು.

ಅವಳು ಕೈ ತೆಗೆದಳು. ತೆಗೆದ ಕೈಯನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಮಡಿಲಲ್ಲಿಟ್ಟುಕೊಂಡಳು, ಅದು ಬೇರೆ ಯಾರದೋ ಕೈಯಂತೆ ಕೂತಿತು. ಎಣ್ಣೆಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಒಲೆಯ ಮೇಲೆ ಹಾಲಿಟ್ಟರೆ ಅದು ಉಕ್ಕುವಷ್ಟರಲ್ಲಿ ಎರಡು ಪಾತ್ರೆ ತೊಳೆದು, ಒಂದು ಗುಂಡಿ ಹೊಲಿದು ಬರುವವಳು ಅವಳು. ಸುಮ್ಮನೆ ಕೂರುವುದನ್ನು ಮಾತ್ರ ಮೂರು ತಿಂಗಳ ತರಬೇತಿಯಲ್ಲಿ ಯಾರೂ ಕಲಿಸಿರಲಿಲ್ಲ.

ಮೇಜಿನ ಮೇಲೆ ಒಂದು ಏಸಿಯ ಎರಡು ಭಾಗಗಳನ್ನು ಹಲಗೆಗೆ ಜೋಡಿಸಿದ್ದರು. ಕೋಣೆಯೊಳಗೆ ಇರುವಂಥದ್ದು ಒಂದು, ಹೊರಗಿನ ಗೋಡೆಯ ಮೇಲಿರುವಂಥದ್ದು ಇನ್ನೊಂದು. ನಡುವೆ ಎರಡು ತಾಮ್ರದ ಪೈಪು, ಪ್ರತಿ ಪೈಪಿನ ಎರಡೂ ತುದಿಗೆ ಒಂದೊಂದು ಹಿತ್ತಾಳೆಯ ನಟ್ಟು. ಪೈಪನ್ನು ಅಳೆದು ಕತ್ತರಿಸಿ, ತುದಿಗಳನ್ನು ತುತ್ತೂರಿಯ ಬಾಯಿಯಂತೆ ಅರಳಿಸಿ, ನಟ್ಟು ಹಾಕಿ ಕೂಡಿಸಿದ್ದಳು. ಆಮೇಲೆ ಸಿಲಿಂಡರಿನಿಂದ ನೈಟ್ರೋಜನ್ ತುಂಬಿ, ಮೀಟರಿನ ಮುಳ್ಳು ಮುನ್ನೂರರ ಗೆರೆಗೆ ಬಂದಾಗ ನಿಲ್ಲಿಸಿದ್ದಳು. ಇಪ್ಪತ್ತು ನಿಮಿಷ ಮುಳ್ಳು ಅಲ್ಲೇ ನಿಂತರೆ ಕೀಲುಗಳು ಭದ್ರ. ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಬರೆಯುವ ಪರೀಕ್ಷೆ, ಹಳೇ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಳ್ಳುವುದು, ತೂಕ ನೋಡಿ ಹೊಸದನ್ನು ತುಂಬುವುದು ಎಲ್ಲವೂ ನಿನ್ನೆಗೇ ಮುಗಿದಿದ್ದವು, ಎಲ್ಲದರಲ್ಲೂ ಅವಳು ಪಾಸಾಗಿದ್ದಳು. ಉಳಿದದ್ದು ಈ ಮುಳ್ಳು ಒಂದೇ.

"ಅಕ್ಕ, ದಿಟ್ಟಿಸಿ ನೋಡಬೇಡಿ. ಮುಳ್ಳಿಗೂ ನಾಚಿಕೆ ಆಗುತ್ತೆ," ಎಂದ ಪಕ್ಕದ ಮೇಜಿನವನು. ಸಾಮಾನನ್ನೆಲ್ಲ ಮದುವೆಯಲ್ಲಿ ಕೊಟ್ಟ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬರುತ್ತಿದ್ದುದರಿಂದ ಅವನಿಗೆ ಇಡೀ ತಂಡದಲ್ಲಿ ಸೂಟ್‌ಕೇಸ್ ಎಂದೇ ಹೆಸರಾಗಿತ್ತು.

"ನಿನ್ನ ಮುಳ್ಳು ನೋಡ್ಕೋ ಮೊದ್ಲು."

"ನಂದು ಅಲ್ಲಾಡೋದಿಲ್ಲ. ಮೀಟರೇ ಕೆಟ್ಟಿರ್ಬೇಕು ಅಂತ ನಂಗೆ ಅನುಮಾನ."

ಅವಳು ನಗಲು ಹೋದಳು, ನಗು ಅರ್ಧಕ್ಕೇ ನಿಂತಿತು. ಕಿಟಕಿಯಾಚೆ ಅವಳ ಗಂಡ ಮತ್ತೆ ಹಾದುಹೋದ. ಬೆಳಗಿನಿಂದ ಅವನು ಈ ಶೆಡ್ಡಿನ ಸುತ್ತ ಸುತ್ತುತ್ತಲೇ ಇದ್ದ. ಗೇಟಿನ ಬಳಿ ಕುರ್ಚಿ ಹಾಕಿಕೊಟ್ಟಿದ್ದರು, ಕೂರಲಿಲ್ಲ. ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿ ತುರುಕಿಕೊಂಡು, ಎಡಗೈಯಲ್ಲಿ ಅವಳ ಚೀಲ ಹಿಡಿದುಕೊಂಡು, ಕಿಟಕಿಯಿಂದ ಕಿಟಕಿಗೆ ನಡೆಯುತ್ತಿದ್ದ. ಒಂದು ಸುತ್ತಿಗೆ ಒಂದೂವರೆ ನಿಮಿಷ. ಅವಳು ಲೆಕ್ಕ ಹಾಕಿದ್ದಳು.

ಈ ತಿಂಗಳು ಮುಗಿಯುವುದರೊಳಗೆ ಅವರ ಅಂಗಡಿಯಲ್ಲಿ ಒಬ್ಬರಾದರೂ ಲೈಸೆನ್ಸ್ ಕಾರ್ಡು ಇಟ್ಟುಕೊಂಡಿರಬೇಕು. ಹೊಸ ನಿಯಮ. ಕಾರ್ಡಿಲ್ಲದವರಿಗೆ ಗ್ಯಾಸಿನ ಸಿಲಿಂಡರು ಸಿಗುವುದಿಲ್ಲ, ಗ್ಯಾಸಿಲ್ಲದೆ ಫ್ರಿಜ್ಜು ಏಸಿ ರಿಪೇರಿಯ ಅಂಗಡಿ ಇಟ್ಟುಕೊಂಡು ಮಾಡುವುದೇನಿದೆ? ಗಂಡ ಎರಡು ಸಲ ಪರೀಕ್ಷೆಗೆ ಬಂದು ಕೂತಿದ್ದ. ಮೂವತ್ತು ವರ್ಷ ಕೆಲಸ ಮಾಡಿದವನು, ಪೈಪಿನ ಮೇಲೆ ಬೆರಳಿಟ್ಟರೆ ಒಳಗೆ ಗ್ಯಾಸು ಎಷ್ಟಿದೆ ಎಂದು ಹೇಳಬಲ್ಲವನು, ಎರಡು ಸಲವೂ ಪೈಪಿನ ತುದಿ ಅರಳಿಸುವಲ್ಲಿ ಸೋತ. ಎರಡು ವರ್ಷದಿಂದ ಬಲಗೈ ನಡುಗುತ್ತಿತ್ತು. ನರದ ತೊಂದರೆ, ವಾಸಿಯಾಗುವಂಥದ್ದಲ್ಲ ಎಂದಿದ್ದರು ಡಾಕ್ಟರು. ಗಿರಾಕಿಗಳಿಗೆ ಇನ್ನೂ ಗೊತ್ತಿರಲಿಲ್ಲ.

"ನಾನು ಕೂರ್ತೀನಿ ಪರೀಕ್ಷೆಗೆ," ಎಂದು ಅವಳು ಹೇಳಿದ ದಿನ ಅವನು ಚಹಾದ ಲೋಟ ಕೆಳಗಿಟ್ಟಿದ್ದ.

"ನೀನು ಹೋಗಿ ಕೂತ್ರೆ ನಾಲ್ಕು ಜನ ನಗ್ತಾರೆ ಕಣೇ."

"ಅಂಗಡಿ ಬಾಗಿಲು ಹಾಕಿದ್ರೆ ಅಳ್ತಾರೇನ್ರಿ ಅವ್ರು?"

ಮೂರನೆಯ ದಿನ ಅವನೇ ಹೋಗಿ ಅರ್ಜಿ ತಂದ. ಅನುಭವ ಎಷ್ಟು ವರ್ಷ ಎಂದು ಕೇಳಿದ ಕಡೆ, ಸೊಟ್ಟಸೊಟ್ಟ ಅಕ್ಷರಗಳಲ್ಲಿ ಹತ್ತೊಂಬತ್ತು ಎಂದು ತಾನೇ ಬರೆದ. ಅದು ಸುಳ್ಳಾಗಿರಲಿಲ್ಲ. ಮಗಳನ್ನು ಶಾಲೆಗೆ ಬಿಟ್ಟು ಬಂದು ಅಂಗಡಿಯಲ್ಲಿ ಕಸ ಗುಡಿಸುವುದರಿಂದ ಶುರುವಾಗಿ, ಒಂದೊಂದೇ ಕೆಲಸ ಅವಳ ಕೈಗೆ ಬಂದಿತ್ತು.

ಎಂಟು ನಿಮಿಷ ಕಳೆದಿತ್ತು. ಅವಳು ಮುಳ್ಳು ನೋಡಿದಳು. ಗೆರೆಯ ಮೇಲಿತ್ತು. ತಲೆ ಸ್ವಲ್ಪ ವಾಲಿಸಿ ನೋಡಿದಳು. ಗೆರೆಯ ಮೇಲಿದ್ದಂತೆ ಕಂಡರೂ ಗೆರೆಗೂ ಮುಳ್ಳಿಗೂ ನಡುವೆ ಕೂದಲೆಳೆಯಷ್ಟು ಬಿಳಿ ಕಾಣುತ್ತಿತ್ತು.

ಕೂತ ಜಾಗ ಬದಲಿಸಿ ನೋಡಿದಳು, ಒಂದು ಕಣ್ಣು ಮುಚ್ಚಿ ನೋಡಿದಳು. ಬಿಳಿ ಹೋಗಲಿಲ್ಲ.

"ಏನಕ್ಕ?" ಎಂದ ಸೂಟ್‌ಕೇಸ್, ತುಟಿ ಅಲ್ಲಾಡಿಸದೆ.

"ಇಳೀತಿದೆ."

ಅವನು ಕತ್ತು ಚಾಚಿದ. "ಅಷ್ಟಾ? ಆಗಿಂದ ಮೋಡ ಆಗಿದೆ ನೋಡಿ, ಶೆಡ್ಡಿನ ತಗಡು ತಣ್ಣಗಾಯ್ತು. ತಣ್ಣಗಾದ್ರೆ ಮುಳ್ಳು ಒಂಚೂರು ಇಳಿಯುತ್ತೆ ಅಂತ ಮೇಷ್ಟ್ರೇ ಹೇಳಿದ್ರಲ್ಲ. ಅರ್ಧ ಗೆರೆ ತನಕ ಬಿಡ್ತಾರೆ. ಸುಮ್ನೆ ಕೂತ್ಕೊಳ್ಳಿ."

ಅವನು ಹೇಳಿದ್ದು ನಿಜ. ಮೇಷ್ಟ್ರು ಹೇಳಿದ್ದರು, ಪುಸ್ತಕದಲ್ಲೂ ಇತ್ತು. ಸುಮ್ಮನೆ ಕೂತರೆ ಇನ್ನು ಹನ್ನೆರಡು ನಿಮಿಷಕ್ಕೆ ಮುಳ್ಳು ಅರ್ಧ ಗೆರೆ ದಾಟದೆಯೂ ಇರಬಹುದು. ಪರೀಕ್ಷಕಿ ಬಂದು ನೋಡಿ, ಸಹಿ ಹಾಕಬಹುದು. ಪರೀಕ್ಷೆಯ ಅವಧಿ ನಾಲ್ಕು ಗಂಟೆಗೆ ಮುಗಿಯುತ್ತದೆ. ಈಗ ಮೂರು ಇಪ್ಪತ್ತೆಂಟು. ನೈಟ್ರೋಜನ್ ಹೊರಬಿಟ್ಟು, ಸೋರುವ ಜಾಗ ಸರಿಮಾಡಿ, ಮತ್ತೆ ತುಂಬಿ, ಮತ್ತೆ ಇಪ್ಪತ್ತು ನಿಮಿಷ ನಿಲ್ಲಿಸಬೇಕೆಂದರೆ ಉಸಿರಾಡಲೂ ಪುರುಸೊತ್ತಿಲ್ಲ. ಒಂದು ನಿಮಿಷ ಹೆಚ್ಚಾದರೂ ಫೇಲು. ಮುಂದಿನ ಪರೀಕ್ಷೆ ಮೂರು ತಿಂಗಳ ಮೇಲೆ.

ಅವಳು ಬಟ್ಟೆಯನ್ನು ಮತ್ತೆ ಮಡಿಸಿದಳು. ಗಂಡ ಕಿಟಕಿಯಾಚೆ ಹಾದುಹೋದ.

ಮೋಡದಿಂದ ಇಳಿದಿದ್ದರೆ ಎಲ್ಲರ ಮುಳ್ಳೂ ಇಳಿಯಬೇಕು. ಅವಳು ಸೂಟ್‌ಕೇಸಿನ ಮೀಟರನ್ನು ನೋಡಿದಳು. ಅವನ ಮುಳ್ಳು ಮೊಳೆ ಹೊಡೆದಂತೆ ನಿಂತಿತ್ತು.

ಅವಳು ಎದ್ದು ನಿಂತಳು. "ಮೇಡಂ, ನನ್ನದು ಸೋರ್ತಿದೆ. ನೋಡಿ ಸರಿ ಮಾಡ್ಕೊಳ್ತೀನಿ."

ಪರೀಕ್ಷಕಿ ಹತ್ತಿರ ಬಂದು ಮೀಟರಿಗೆ ಬಾಗಿದರು. ಅವಳ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಅಷ್ಟೆ. ಮೀಟರಿನಿಂದ ತಲೆಯೆತ್ತಿ ಗಡಿಯಾರ ನೋಡಿದರು. "ಹೆಚ್ಚಿನ ಸಮಯ ಕೊಡೋಕೆ ಬರೋದಿಲ್ಲ. ಗೊತ್ತಲ್ಲ?"

"ಗೊತ್ತು."

"ಹಾಗಾದ್ರೆ ನಿಮ್ಮಿಷ್ಟ." ಹಾಳೆಯಲ್ಲಿ ಮೊದಲು ಬರೆದಿದ್ದ ಸಮಯವನ್ನು ಹೊಡೆದುಹಾಕಿದರು.

ಸೋಪಿನ ನೀರಿನ ಡಬ್ಬ, ಬ್ರಷ್ಷು ಕೈಗೆತ್ತಿಕೊಂಡು ಅವಳು ಹಲಗೆಯ ಕಡೆ ತಿರುಗಿದಳು. ನಾಲ್ಕು ನಟ್ಟು. ಯಾವುದರಿಂದ ಶುರು ಮಾಡಲಿ ಎಂದು ನೋಡುತ್ತಿದ್ದವಳಿಗೆ ತನ್ನ ಸ್ಪ್ಯಾನರ್ ಕಂಡಿತು.

ಅದು ಮೇಜಿನ ಮೇಲಿರಲಿಲ್ಲ. ನಾಲ್ಕನೆಯ ನಟ್ಟನ್ನು ಕಚ್ಚಿಕೊಂಡು ಹಾಗೆಯೇ ಕೂತಿತ್ತು. ಅದರ ಹಿಡಿ ಅವಳ ಕಡೆಗಿರಲಿಲ್ಲ. ಮೇಜಿನ ಆಚೆ ಬದಿಗೆ, ಯಾರೂ ನಿಂತಿಲ್ಲದ ಜಾಗಕ್ಕೆ ಮುಖ ಮಾಡಿತ್ತು.

ಅಂಗಡಿಗೆ ಬಂದ ಮೊದಲ ವರ್ಷ ಅವಳು ಒಂದು ನಟ್ಟನ್ನು ಮಿತಿಮೀರಿ ಬಿಗಿದು ಪೈಪಿನ ತುದಿಯನ್ನು ಸೀಳಿಬಿಟ್ಟಿದ್ದಳು. ಗಂಡ ಬೈಯಲಿಲ್ಲ. "ಎಲ್ಲಾ ನೀನೇ ಮಾಡು, ಕೊನೇ ನಟ್ಟಿನ ಕೊನೇ ಬಿಗಿ ನಂಗೆ ಬಿಡು," ಎಂದಿದ್ದ. ಅಂದಿನಿಂದ ಹಾಗೆಯೇ ನಡೆದುಬಂದಿತ್ತು. ಅವಳು ಕೆಲಸ ಮುಗಿಸಿ, ಕೊನೆಯ ನಟ್ಟಿಗೆ ಸ್ಪ್ಯಾನರ್ ಹಾಕಿ, ಹಿಡಿಯನ್ನು ಅವನ ಕಡೆ ತಿರುಗಿಸಿ, ಸಾಮಾನು ಎತ್ತಿಡಲು ಹೋಗುವಳು. ಅವನು ಬಂದು ಕಾಲು ಸುತ್ತು ತಿರುಗಿಸಿ, ಕೈ ಒರೆಸಿಕೊಂಡು, "ಆಯ್ತು ಸಾರ್, ಇನ್ನು ಹಾಕಿ ನೋಡಿ," ಎಂದು ಗಿರಾಕಿಗೆ ಹೇಳುವನು. ಕೈ ನಡುಗತೊಡಗಿದ ಮೇಲೂ ಅದೊಂದು ಮಾತ್ರ ನಿಂತಿರಲಿಲ್ಲ. ಏಕೋ ಸ್ಪ್ಯಾನರನ್ನು ಬಿಗಿಯಾಗಿ ಹಿಡಿದಾಗ ಅವನ ಕೈ ಅಷ್ಟುಹೊತ್ತು ನಡುಗದೆ ನಿಲ್ಲುತ್ತಿತ್ತು. ಗಿರಾಕಿಗಳು ನೋಡುತ್ತಿದ್ದುದು ಆ ಕಾಲು ಸುತ್ತನ್ನು ಮಾತ್ರ.

ತರಬೇತಿಯಲ್ಲಿ ಅವಳು ಒಮ್ಮೆಯೂ ಹೀಗೆ ಮಾಡಿರಲಿಲ್ಲ. ಅಲ್ಲಿ ಪ್ರತಿ ಮೇಜಿಗೆ ಬೇರೆಯದೇ ಸ್ಪ್ಯಾನರ್ ಇತ್ತು. ಬೇಕಾದಷ್ಟು ಬಿಗಿಯಾದೊಡನೆ ಟಿಕ್ ಎಂದು ಸದ್ದು ಮಾಡುವಂಥದ್ದು. ಇಂದೂ ಅಂಥದರಿಂದಲೇ ಮೂರು ನಟ್ಟಿಗೆ ಟಿಕ್ ಎನ್ನಿಸಿದ್ದಳು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕಿಟಕಿಯಲ್ಲಿ ಅವನ ತಲೆ ಕಂಡಿರಬೇಕು.

ಬ್ರಷ್ಷಿನಿಂದ ಸೋಪಿನ ನೀರು ಸವರಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನಟ್ಟಿನ ಅಂಚಿನಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದು, ನಿಧಾನವಾಗಿ ದೊಡ್ಡದಾಗಿ, ಒಡೆಯಿತು. ಮತ್ತೊಂದು ಎದ್ದಿತು.

ಒತ್ತಡವಿರುವಾಗ ನಟ್ಟು ಮುಟ್ಟಬಾರದು. ಅವಳು ವಾಲ್ವು ತೆರೆದಳು. ನೈಟ್ರೋಜನ್ ಬುಸ್ಸೆಂದು ಇಡೀ ಶೆಡ್ಡಿಗೆ ಕೇಳುವಂತೆ ಹೊರಬಂತು. ಎಲ್ಲರೂ ತಿರುಗಿ ನೋಡಿದರು. ಕಿಟಕಿಯಲ್ಲಿ ಗಂಡ ನಿಂತುಬಿಟ್ಟಿದ್ದ. ಆ ಸದ್ದು ಏನೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವನ ಕಣ್ಣು ಮೀಟರಿಗೆ ಹೋಯಿತು, ಅಲ್ಲಿಂದ ಅವಳ ಮುಖಕ್ಕೆ, ಅಲ್ಲಿಂದ ಆಚೆ ಬದಿಗೆ ಹಿಡಿ ತಿರುಗಿಸಿ ಕೂತಿದ್ದ ಸ್ಪ್ಯಾನರಿಗೆ.

ಅವಳು ಅದನ್ನು ತೆಗೆದು ಕೆಳಗಿಟ್ಟಳು. ಟಿಕ್ ಎನ್ನುವ ಆ ಇನ್ನೊಂದು ಸ್ಪ್ಯಾನರನ್ನು ನಟ್ಟಿಗೆ ಹಾಕಿ, ಎಡಗೈಯಿಂದ ಕೀಲನ್ನು ಒತ್ತಿಹಿಡಿದು, ತಿರುಗಿಸಿದಳು. ಇಷ್ಟೇ ಇಷ್ಟು ತಿರುಗುವುದು ಬಾಕಿ ಇತ್ತು. ತೋಳು ಮಾತ್ರ ಮುಂದೆ ಹೋಗಲು ಒಪ್ಪಲಿಲ್ಲ, ಯಾರದೋ ಮನೆಯ ಬೀರು ತೆರೆಯುತ್ತಿರುವಂತೆ. ಕಿಟಕಿಯ ಕಡೆ ನೋಡಬಾರದೆಂದುಕೊಂಡಳು. ನೋಡಲಿಲ್ಲ.

ಟಿಕ್.

ಮೂರು ಮೂವತ್ತೇಳಕ್ಕೆ ಮುಳ್ಳು ಮತ್ತೆ ಮುನ್ನೂರಕ್ಕೆ ಬಂದಿತು. ಪರೀಕ್ಷಕಿ ಸಮಯ ಬರೆದರು. ಈ ಸಲದ ಇಪ್ಪತ್ತು ನಿಮಿಷ ಮೊದಲಿನದಕ್ಕಿಂತ ಉದ್ದವಾಗಿತ್ತು. ಸೂಟ್‌ಕೇಸ್ ಪಾಸಾಗಿ, ಸಾಮಾನು ತುಂಬಿಕೊಂಡು, ಹೋಗದೆ ಬಾಗಿಲಲ್ಲಿ ನಿಂತ. ಅವಳು ತೊಡೆಯ ಕೆಳಗೆ ಎರಡೂ ಕೈ ಒತ್ತಿಕೊಂಡು ಕೂತಳು, ಚಿಕ್ಕ ಹುಡುಗಿಯರು ಕೂರುವಂತೆ. ಕಾಲು ಕುಣಿಯುತ್ತಿತ್ತು, ಅದನ್ನು ಕುಣಿಯಲು ಬಿಟ್ಟಳು. ಕಿಟಕಿಯಲ್ಲಿ ಯಾರೂ ಹಾದುಹೋಗಲಿಲ್ಲ. ಒಂದೂವರೆ ನಿಮಿಷ, ಮೂರು, ನಾಲ್ಕೂವರೆ. ಅವಳಿಗೆ ಮುಳ್ಳಿಗಿಂತ ಆ ಖಾಲಿ ಕಿಟಕಿಯೇ ಹೆಚ್ಚು ಕಾಡಿತು.

ಮೂರು ಐವತ್ತೇಳಕ್ಕೆ ಪರೀಕ್ಷಕಿ ಬಾಗಿ, ಕನ್ನಡಕ ಮೇಲೆತ್ತಿ ನೋಡಿ, ಸಹಿ ಹಾಕಿದರು. "ಕಾರ್ಡು ಹತ್ತು ದಿನಕ್ಕೆ ಬರುತ್ತೆ. ಅಲ್ಲಿವರೆಗೆ ಗ್ಯಾಸ್ ಮುಟ್ಟಬೇಡಿ, ಅಮ್ಮ." ಆಮೇಲೆ, ಸ್ವಲ್ಪ ತಗ್ಗಿದ ದನಿಯಲ್ಲಿ, "ಸುಮ್ನೆ ಕೂತಿದ್ರೂ ಆಗ್ತಿತ್ತೇನೋ," ಎಂದರು.

"ಆಗ್ತಿತ್ತೇನೋ," ಎಂದಳು ಅವಳು.

ಗಂಡ ಶೆಡ್ಡಿನ ಹಿಂದೆ, ಕೆಟ್ಟ ಫ್ರಿಜ್ಜುಗಳನ್ನು ಒಟ್ಟಿದ್ದ ಕಡೆ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಅವಳನ್ನು ಕಂಡು ಎದ್ದ.

"ಆಯ್ತಾ?"

"ಆಯ್ತು."

ಚೀಲವನ್ನು ಅವಳಿಗೆ ಕೊಡದೆ ತಾನೇ ಹೆಗಲಿಗೆ ಹಾಕಿಕೊಂಡ. ಗೇಟು ದಾಟಿ ಬೀದಿಗೆ ಬಂದರು. ಬಸ್ಸುಗಳು ಹೋಗುತ್ತಿದ್ದವು, ಅವರು ಯಾವುದಕ್ಕೂ ಕೈ ಮಾಡದೆ ನಡೆದರು.

"ಕೊನೇದಾ?" ಎಂದ ಅವನು, ಎಷ್ಟೋ ದೂರ ನಡೆದ ಮೇಲೆ.

"ಹೂಂ. ಮರ್ತಿದ್ದೆ."

"ನೀನು ಮರೆಯೋಳಲ್ಲ ಕಣೇ."

ಇಬ್ಬರೂ ಬೇಕಾದ್ದಕ್ಕಿಂತ ಜೋರಾಗಿ ನಡೆಯುತ್ತಿದ್ದರು.

ತಿರುವಿನಲ್ಲಿ ಅವನ ಫೋನು ಬಡಿದುಕೊಂಡಿತು. ಅಂಗಡಿಯ ಬೀದಿಯ ಔಷಧಿಯವನು. ಫ್ರಿಜ್ಜು ತಣ್ಣಗಾಗುತ್ತಿಲ್ಲ, ಒಳಗೆ ಇಂಜೆಕ್ಷನ್‌ಗಳಿವೆ, ಮೆಕ್ಯಾನಿಕ್ಕು ಬೇಗ ಬರಬೇಕು. ಗಂಡ ಕೇಳಿಸಿಕೊಂಡು, ಫೋನನ್ನು ಕೈಯಲ್ಲಿ ಮುಚ್ಚಿ, "ಹಿಂದಿನ ಫ್ಯಾನು ತಿರುಗ್ತಿಲ್ವಂತೆ. ಗ್ಯಾಸಿನ ಕೆಲ್ಸ ಅಲ್ಲ. ಏನು ಹೇಳ್ಲಿ?" ಎಂದ.

ಹಾಗೆ ಅವಳನ್ನು ಕೇಳಿದ್ದು ಅವನಿಗೇ ಹೊಸದೆನ್ನಿಸಿದಂತೆ, ಬೀದಿಯ ಆಚೆ ನೋಡಿದ.

"ಬರ್ತೀವಿ ಅನ್ನಿ," ಎಂದಳು.

ಔಷಧಿ ಅಂಗಡಿಯಲ್ಲಿ ಮೂವರು ಗಿರಾಕಿಗಳು ನಿಂತಿದ್ದರು. ಅಂಗಡಿಯವನು ಗಲ್ಲಾಪೆಟ್ಟಿಗೆ ಬಿಟ್ಟು ಓಡಿ ಬಂದು ಗಂಡನ ಮುಂದೆ ನಿಂತು ಫ್ರಿಜ್ಜಿನ ಕಥೆ ಹೇಳತೊಡಗಿದ. ಗಂಡ ತಲೆದೂಗಿ ಪೂರ್ತಿ ಕೇಳಿ, "ಇವ್ರಿಗೆ ಹೇಳಿ," ಎಂದು ಪಕ್ಕಕ್ಕೆ ಸರಿದ.

ಫ್ರಿಜ್ಜನ್ನು ಮೂಲೆಯಿಂದ ಈಚೆ ಎಳೆದರು. ಹಿಂದಿನ ತಗಡು ಬಿಚ್ಚಿದಾಗ ಒಳಗೆಲ್ಲ ಕತ್ತಲೆ, ಧೂಳು. ಅವಳು ಗೋಡೆಗೂ ಫ್ರಿಜ್ಜಿಗೂ ನಡುವಿನ ಇಕ್ಕಟ್ಟಿನಲ್ಲಿ ಮಂಡಿಯೂರಿ, "ರೀ, ಬೆಳಕು," ಎಂದಳು.

ಅವನು ಬಲಗೈಯನ್ನು ಜೇಬಿನಿಂದ ತೆಗೆದು ಟಾರ್ಚು ಹಿಡಿದ. ಅಂಗಡಿಯವನು, ನಿಂತಿದ್ದ ಮೂವರು, ಎಲ್ಲರೂ ನೋಡುತ್ತಿದ್ದರು. ಬೆಳಕು ಫ್ಯಾನಿನ ಮೇಲೆ ನಿಲ್ಲದೆ ತಂತಿಗಳ ಮೇಲೆ, ಗೋಡೆಯ ಮೇಲೆ, ಅವಳ ಬೆರಳ ಮೇಲೆ ಅತ್ತಿತ್ತ ಓಡಾಡಿತು. ಅವಳು ಸ್ಕ್ರೂಡ್ರೈವರನ್ನು ಹಿಡಿದು ಕಾದಳು. ಬೆಳಕು ಸ್ಕ್ರೂವಿನ ಮೇಲೆ ಬಂದಾಗ ಒಂದು ಸುತ್ತು ತಿರುಗಿಸಿದಳು, ಹೋದಾಗ ನಿಲ್ಲಿಸಿದಳು, ಮತ್ತೆ ಬಂದಾಗ ಮತ್ತೊಂದು ಸುತ್ತು.