ಬೀಳದ ನೀರು

ನನ್ನ ತಂಗಿ ಮಾರ್ಸೆಲಿನ್‌ಳ ಚೊಚ್ಚಲ ಮಗು ಹುಟ್ಟಿದ ಸ್ವಲ್ಪ ಹೊತ್ತಿಗೇ ತೀರಿಕೊಂಡಿತು. ೧೯೫೮ರ ಮಾತು. ನಾನು ಸೂಲಗಿತ್ತಿಯನ್ನು ಕರೆಯಲು ವಾಮಂಜೂರಿನ ಗದ್ದೆಬದು ಹಿಡಿದು ಓಡಿದ್ದೆ. ತಂಗಿಯ ಹತ್ತಿರ ಇದ್ದದ್ದು ಪಕ್ಕದ ಮನೆಯ ಝೈನಬ್ ಒಬ್ಬಳೇ. ನಾವು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಳಲಿಕ್ಕೂ ಪುರುಸೊತ್ತು ಕೊಡದೆ ಗುರ್ಕಾರ ರಾಫೆಲ್ ಬಂದ. ಇಗರ್ಜಿಯ ಪರವಾಗಿ ನಮ್ಮ ಕೇರಿಯ ಪಾಪಪುಣ್ಯ ನೋಡಿಕೊಳ್ಳುವ ದೊಡ್ಡ ಮನುಷ್ಯ. "ಜ್ಞಾನಸ್ನಾನ ಆಗದ ಮಗು. ಸಿಮಿತ್ರಿಯ ಗೋಡೆಯ ಹೊರಗೇ ಹೂಳಬೇಕು," ಎಂದ. ಸ್ಮಶಾನದ ಆ ಗೋಡೆಯಾಚೆ ನಾಯಿಗಳು ಮಣ್ಣು ಕೆದಕುತ್ತವೆ. ತಲೆಗೆ ನೀರು ಹಾಕಿ, ಜಪ ಹೇಳಿ ಜ್ಞಾನಸ್ನಾನ ಮಾಡಿಸದ ಮಗುವಿಗೆ ಸ್ವರ್ಗವೂ ಇಲ್ಲ ಎಂದು ನಮಗೆಲ್ಲ ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿಸಿದ್ದರು. ರಾಫೆಲನ ಬಾಯಿಗೆ ಮಣ್ಣು ಹಾಕಬೇಕೆನಿಸಿತು ನನಗೆ.

ಹಿಂದೆಯೇ ಫಾದರ್ ಝೇವಿಯರ್ ಬಂದರು. ಹೆಂಗಸರ ತಲೆಯ ವೇಲ್ ಜಾರಿದರೆ ಪೂಜೆಯನ್ನೇ ನಿಲ್ಲಿಸುವವರು. ಅವರಿಂದ ನಾನು ಏನೂ ನಿರೀಕ್ಷಿಸಿರಲಿಲ್ಲ.

"ಜೀವ ಇರುವಾಗ ಯಾರಾದರೂ ತಲೆಗೆ ನೀರು ಹಾಕಿದಿರಾ?" ಎಂದು ಕೇಳಿದರು.

"ನಾನು ಹಾಕಿದೆ," ಎಂದಳು ಝೈನಬ್, ಬಾಗಿಲ ಹತ್ತಿರದಿಂದ.

"ಮುಸಲ್ಮಾನರ ಹೆಂಗಸು ಹಾಕಿದರೆ ಎಂತ ಉಪಯೋಗ?" ರಾಫೆಲ್ ಗುರ್ ಎಂದ.

"ಸಾಯುವ ಮಗುವಿಗೆ ಯಾರ ಕೈಯಾದರೂ ಆಗ್ತದೆ," ಎಂದರು ಫಾದರ್. "ನೀರು ಹಾಕುವಾಗ ಎಂತ ಹೇಳಿದಿಯಮ್ಮ?"

"ಮಾರ್ಸೆಲಿನ್ ಹೇಳಿಕೊಟ್ಟದ್ದು. ಈಗ ನೆನಪಿಲ್ಲ ಫಾದರ್."

ಮಗುವಿನ ತಲೆಯಲ್ಲಿ ಹೆರಿಗೆಯ ರಕ್ತ ಹಾಗೇ ಒಣಗಿತ್ತು. ಅದನ್ನು ನಾನು ನೋಡಿದೆ, ಫಾದರೂ ನೋಡಿದರು. ಅವರು ಮೆಲ್ಲನೆ ಬಟ್ಟೆಯನ್ನು ಅದರ ತಲೆಯ ಮೇಲೆ ಎಳೆದರು.

"ಹಾಗಾದರೆ ಸರಿ ಉಂಟು. ಒಳಗೇ ಹೂಳುವ."

ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು ನನಗೆ. ಬೆನೆಡಿಕ್ಟ್ ಎಂಬ ಹೆಸರಿಟ್ಟು, ಗೋಡೆಯ ಒಳಗೆ, ನಮ್ಮ ಅಪ್ಪನ ಪಕ್ಕದಲ್ಲೇ ಮಲಗಿಸಿದೆವು.

ಬಾಣಂತನ ಮುಗಿಸಿ ಮಾರ್ಸೆಲಿನ್ ಮೊದಲ ಸಲ ನನ್ನ ಜೊತೆ ಸಿಮಿತ್ರಿಗೆ ಬಂದಳು. ಗೇಟು ದಾಟಲಿಲ್ಲ. ಹೊರಗೆ, ಗೋಡೆಯ ಬುಡದಲ್ಲಿ, ಮುಳ್ಳುಗಿಡಗಳ ನಡುವೆ ಮೊಣಕಾಲೂರಿದಳು.

"ಮಗು ಒಳಗೆ ಉಂಟು ಮಾರಾಯ್ತಿ!" ಎಂದು ರೇಗಿದೆ.

"ಝೈನಬಕ್ಕ ನೀರು ಹಾಕಲಿಲ್ಲ ಅಕ್ಕ. ನನಗೆ ಎಚ್ಚರ ಇತ್ತು. ಪಾಪ, ಅವರಿಗೆ ನಮ್ಮ ಕ್ರಮ ಗೊತ್ತಿಲ್ಲ. ನನಗೆ ಗೊತ್ತಿತ್ತು. ಬದುಕ್ತಾನೆ ಅಂತ ನಾನು ಸುಮ್ಮನೆ ಅವನ ಮುಖ ನೋಡ್ತಾ ಇದ್ದೆ."

"ಫಾದರೇ ಒಪ್ಪಿದ್ದಾರಲ್ಲ?"

"ಫಾದರ್ ಒಪ್ಪಿದರು. ನೀರು ಬಿದ್ದ ಹಾಗೆ ಆಯಿತಾ?"

ಆಮೇಲೂ ಪ್ರತಿ ಭಾನುವಾರ ನಾನು ಒಳಗೆ ಹೋಗಿ ಬೆನೆಡಿಕ್ಟನ ಗೋರಿಗೆ ಮೇಣದಬತ್ತಿ ಹಚ್ಚಿ ಬರುತ್ತಿದ್ದೆ. ಅವನ ತಾಯಿ ಹೊರಗೇ ಮೊಣಕಾಲೂರಿ ಇರುತ್ತಿದ್ದಳು.